ಸುಗ್ಗಿ ನಿಲ್ಲಿಸಿದ ವರ್ಷ

ನಾನು ಡಿಗ್ರಿ ಓದಿದ್ದು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಅಲ್ಲೊಂದು ವಿದ್ಯಾರ್ಥಿನಿಯರ ಸಂಘವಿತ್ತು. ಒಂದೊಂದು ತರಗತಿಯಿಂದ ಇಬ್ಬರು ಆರಿಸಿ ಬರುತ್ತಿದ್ದರು. ಅವರಲ್ಲಿ ಕೊನೆಯ ವರ್ಷದ ಒಬ್ಬಳು ಕಾರ್ಯದರ್ಶಿ, ಇನ್ನೊಬ್ಬಳು ಜಂಟಿ ಕಾರ್ಯದರ್ಶಿ. ಸಂಘ ಏನು ಕೆಲಸ ಮಾಡುತ್ತದೆ ಎಂದು ಯಾರನ್ನು ಕೇಳಿದರೂ ಬರುತ್ತಿದ್ದ ಉತ್ತರ ಸುಗ್ಗಿ. ಸಂಕ್ರಾಂತಿ ಕಳೆದ ವಾರದಲ್ಲಿ ಒಂದು ದಿನ ಪಾಠವಿಲ್ಲ. ಬೆಳಿಗ್ಗೆ ಅಂಗಳದ ತುಂಬ ರಂಗೋಲಿ, ಎಲ್ಲರೂ ಸೀರೆ, ಮಧ್ಯಾಹ್ನದವರೆಗೆ ಹಾಡು, ಕೋಲಾಟ. ಆಮೇಲೆ ಉದ್ದನೆಯ ಕಾರಿಡಾರಿನಲ್ಲಿ ಜಮಖಾನ ಹಾಸಿ, ಎಲೆ ಹಾಕಿ ಊಟ. ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಆ ಒಂದು ದಿನಕ್ಕಾಗಿ ಸಂಘದವರು ನವೆಂಬರಿನಿಂದಲೇ ಓಡಾಡಲು ಶುರುಮಾಡುತ್ತಿದ್ದರು. ಅದು ಮುಗಿಯುವ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತಿತ್ತು. ಬೇರೆ ಯಾವುದಕ್ಕೂ ಕೈ ಹಾಕಲು ಆಗುತ್ತಿರಲಿಲ್ಲ.

ಅಡುಗೆಯನ್ನು ಹೊರಗಿನವರಿಂದ ಮಾಡಿಸುತ್ತಿರಲಿಲ್ಲ. ಕೆಲವು ಹುಡುಗಿಯರ ಅಮ್ಮಂದಿರು ಬೆಳಿಗ್ಗೆಯೇ ಬಂದು ಕಾಲೇಜಿನ ಹಿತ್ತಲಿನಲ್ಲಿ ಒಲೆ ಹೂಡಿ ಹಿತಕಿದ ಅವರೆಬೇಳೆಯ ಹುಳಿ, ಸಿಹಿ ಪೊಂಗಲ್, ಕೋಸಂಬರಿ ಮಾಡುತ್ತಿದ್ದರು. ಹೆಚ್ಚುಕಡಿಮೆ ಎಲ್ಲರೂ ಉಳ್ಳವರ ಹಳೆಯ ಬಡಾವಣೆ ಜಯಲಕ್ಷ್ಮಿಪುರಂ ಕಡೆಯವರು, ಒಬ್ಬರಿಗೊಬ್ಬರು ಮೊದಲೇ ಪರಿಚಯವಿದ್ದವರು. ಇಂಥವರೇ ಅಡುಗೆ ಮಾಡಬೇಕು ಎಂದು ಯಾರೂ ನಿಯಮ ಮಾಡಿರಲಿಲ್ಲ. ಹೋದ ವರ್ಷ ಬಂದವರು ಈ ವರ್ಷ ತಮಗೆ ಗೊತ್ತಿದ್ದವರನ್ನು ಕರೆಯುತ್ತಿದ್ದರು, ಅಷ್ಟೆ.

ನಮ್ಮ ಮನೆ ಊರಂಚಿನ ಕೆಸರೆಯಲ್ಲಿ. ಅಪ್ಪ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದರು. ಅಮ್ಮನಿಗೆ ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮದುವೆಯಾದ ಹೊಸದರಲ್ಲಿ ನರಸೀಪುರದ ಕಡೆಯ ಹಳ್ಳಿಯೊಂದರಿಂದ ಮೈಸೂರಿಗೆ ಬಂದವರು ಅವರು. ಮನೆಯ ಗೋಡೆಯ ಮೇಲೆ ಬುದ್ಧನದೊಂದು ಪಟ ಬಿಟ್ಟರೆ ಬೇರೆ ದೇವರಿರಲಿಲ್ಲ. ಸಂಜೆ ಕೆಲಸದಿಂದ ಬಂದ ಅಮ್ಮನ ಕೈಯಿಂದ ಊದುಬತ್ತಿಯ ವಾಸನೆ ಸುಲಭಕ್ಕೆ ಹೋಗುತ್ತಿರಲಿಲ್ಲ. ಅಡುಗೆಗೆ ಕೂರುವ ಮೊದಲು ಹುಣಸೆಹಣ್ಣು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದಳು. ರೊಟ್ಟಿಗೆ ಮಲ್ಲಿಗೆ ವಾಸನೆ ಬಂದರೆ ಯಾರು ತಿನ್ನುತ್ತಾರೆ ಎನ್ನುತ್ತಿದ್ದಳು.

ನಾನು ಮೊದಲ ವರ್ಷದಲ್ಲಿದ್ದಾಗ, ಸುಗ್ಗಿಗೆ ಇಷ್ಟವಿದ್ದವರು ಮನೆಯಿಂದಲೂ ಏನಾದರೂ ತರಬಹುದು ಎಂದು ನೋಟೀಸ್ ಬೋರ್ಡಿನಲ್ಲಿ ಹಾಕಿದ್ದರು. ಅಮ್ಮನಿಗೆ ಹೇಳಿದೆ. ಅವಳು ಕೋಳಿ ಕೂಗುವ ಮೊದಲೇ ಎದ್ದು ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಚಟ್ನಿ ಅರೆದಳು. ತೆಳ್ಳಗೆ ರಾಗಿ ರೊಟ್ಟಿ ತಟ್ಟಿ, ಒಂದೊಂದನ್ನೂ ನಾಲ್ಕು ತುಂಡು ಮಾಡಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಳು. ಬಡಿಸುವ ಮೇಜಿನ ಹತ್ತಿರ ಅಡುಗೆಗೆ ಬಂದಿದ್ದ ಅಮ್ಮಂದಿರಲ್ಲಿ ಒಬ್ಬರು ನಿಂತಿದ್ದರು. ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರು, ಹೇಳಿದೆ. ಎಲ್ಲಿಂದ ಬರುತ್ತೀಯ ಎಂದು ಕೇಳಿದರು, ಅದನ್ನೂ ಹೇಳಿದೆ. ಆಮೇಲೆ ಬಡಿಸೋಣ ಎಂದು ನಗುತ್ತಲೇ ಅದನ್ನು ತೆಗೆದುಕೊಂಡು ಮೇಜಿನ ಕೆಳಗಿಟ್ಟರು. ನಾನು ಊಟಕ್ಕೆ ಕೂತಲ್ಲಿಂದ ಮೇಜು ಕಾಣುತ್ತಿತ್ತು. ಹುಳಿ ಬಂತು, ಪೊಂಗಲ್ ಎರಡನೆಯ ಸಲವೂ ಬಂತು, ಮಜ್ಜಿಗೆ ಬಂತು. ಎಲೆ ಎತ್ತುವಾಗ ಹೋಗಿ ನೋಡಿದರೆ ಡಬ್ಬಿ ಇಟ್ಟಲ್ಲೇ ಇತ್ತು. ಮುಚ್ಚಳ ತೆಗೆದಿರಲಿಲ್ಲ. ಯಾರೂ ನನಗೆ ಏನೂ ಅಂದಿರಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಬಸ್ ಸ್ಟಾಪಿನಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಗೆ ಎಲ್ಲವನ್ನೂ ಕೊಟ್ಟು ಖಾಲಿ ಡಬ್ಬಿ ಹಿಡಿದು ಮನೆಗೆ ಹೋದೆ. ಅಮ್ಮ ಬಾಗಿಲಲ್ಲೇ ನಿಂತು ಹೇಗಿತ್ತಂತೆ ಎಂದು ಕೇಳಿದಳು. ಎಲ್ಲರೂ ತಿಂದರು, ಇನ್ನೂ ಇಲ್ಲವಾ ಎಂದು ಕೇಳಿದರು ಎಂದೆ. ಅವಳ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. ಒಂದು ವಾರ ಕಾರ್ಖಾನೆಯಲ್ಲಿ ಅದನ್ನೇ ಹೇಳಿಕೊಂಡಳಂತೆ. ಮರುವರ್ಷದ ಸುಗ್ಗಿಯ ದಿನ ತಲೆನೋವು ಎಂದು ಹೇಳಿ ನಾನು ಮನೆಯಲ್ಲೇ ಮಲಗಿಬಿಟ್ಟೆ.

ಕೊನೆಯ ವರ್ಷ ನಾನು ಕಾರ್ಯದರ್ಶಿಯಾದೆ. ಬಸ್ಸಿನಲ್ಲಿ ಓಡಾಡುವ ಹುಡುಗಿಯರೆಲ್ಲ ಸೇರಿ ನನ್ನನ್ನು ಆರಿಸಿದ್ದರು. ಜಂಟಿ ಕಾರ್ಯದರ್ಶಿಯಾದವಳು ನನ್ನ ಗೆಳತಿ. ಅವಳ ಮನೆ ಜಯಲಕ್ಷ್ಮಿಪುರಂನಲ್ಲಿ. ಅವಳ ಮುತ್ತಾತ ಅರಮನೆಯಲ್ಲಿ ಕೆಲಸಕ್ಕಿದ್ದವರು, ತಾತ ಸಂಸ್ಕೃತದ ಮೇಷ್ಟ್ರು, ಅಪ್ಪ ವಕೀಲರು. ನಮ್ಮಿಬ್ಬರನ್ನು ಹತ್ತಿರ ತಂದದ್ದು ಇತಿಹಾಸದ ತರಗತಿಯ ಒಂದೇ ಬೆಂಚು. ಕಾಲೇಜು ಬಿಟ್ಟ ಮೇಲೆ ಎಷ್ಟೋ ಸಲ ಅವಳ ಮನೆಗೆ ಹೋಗುತ್ತಿದ್ದೆ. ತಾತನಿಗೆ ಕಣ್ಣು ಮಂಜಾಗಿತ್ತು. ನಾನು ಹೋದರೆ ಪೇಪರ್ ಓದಿಸಿಕೊಳ್ಳುತ್ತಿದ್ದರು. ನನ್ನ ದನಿ ಸ್ಪಷ್ಟವಾಗಿದೆ, ಮೊಮ್ಮಗಳು ನುಂಗಿ ನುಂಗಿ ಓದುತ್ತಾಳೆ ಎನ್ನುತ್ತಿದ್ದರು. ಅವಳು ಒಳಗಿನಿಂದ ಕಾಫಿ ತರುತ್ತ ನಗುತ್ತಿದ್ದಳು. ಅಷ್ಟೆಲ್ಲ ಸಲಿಗೆ ಇದ್ದರೂ ಮೊದಲ ವರ್ಷದ ಆ ಡಬ್ಬಿಯ ಮಾತನ್ನು ನಾನು ಅವಳ ಹತ್ತಿರ ಎತ್ತಿರಲಿಲ್ಲ.

ನವೆಂಬರಿನಲ್ಲಿ ಸಂಘದ ಸಭೆ ಸೇರಿತು. ಸುಗ್ಗಿಗೆ ಯಾರ್ಯಾರಿಗೆ ಯಾವ ಯಾವ ಕೆಲಸ ಎಂದು ಹಂಚುವುದಷ್ಟೇ ಆಗ ಉಳಿದಿತ್ತು. ನಾನು ಎದ್ದು ನಿಂತು, ಈ ವರ್ಷ ಸುಗ್ಗಿ ಬೇಡ ಎಂದೆ.

ಹೇಳಲು ನನ್ನ ಹತ್ತಿರ ಕಾರಣಗಳಿದ್ದವು. ನಮ್ಮ ಪಾಠ ಒಂದೂವರೆಗೆ ಮುಗಿಯುತ್ತಿತ್ತು. ಊರುಗಳಿಂದ ಬರುವ ಹುಡುಗಿಯರ ಬಸ್ಸು ನಾಲ್ಕು ಗಂಟೆಗೆ. ಅಲ್ಲಿಯವರೆಗೆ ಅವರು ಮೆಟ್ಟಿಲ ಮೇಲೋ ಮರದ ಕೆಳಗೋ ಕೂರಬೇಕು. ಲೈಬ್ರರಿಯಲ್ಲಿ ಇದ್ದದ್ದು ಎರಡು ಮೇಜು. ಮಳೆ ಬಂದರೆ ಸೈಕಲ್ ಸ್ಟ್ಯಾಂಡೇ ಗತಿ. ಕಾಲೇಜಿನ ಹಿಂಬದಿಯಲ್ಲಿ ಒಂದು ದೊಡ್ಡ ಉಗ್ರಾಣವಿತ್ತು. ಅದರ ತುಂಬ ಸುಗ್ಗಿಯ ಪಾತ್ರೆಗಳು, ಜಮಖಾನಗಳು, ಕೋಲಾಟದ ಕೋಲುಗಳು. ವರ್ಷಕ್ಕೆ ಒಂದು ದಿನ ಬಾಗಿಲು ತೆಗೆಯುವ ಆ ಕೋಣೆಯನ್ನು ಓದುವ ಕೋಣೆ ಮಾಡಿಸೋಣ, ಸುಗ್ಗಿಗೆ ಓಡಾಡುವ ಮೂರು ತಿಂಗಳು ಅದಕ್ಕೆ ಓಡಾಡೋಣ ಎಂದೆ. ನಮ್ಮನ್ನು ಆರಿಸಿದ್ದು ರಂಗೋಲಿ ಹಾಕಲಿ ಅಂತಲ್ಲ ಎಂದೂ ಹೇಳಿದೆ. ಆ ಮಾತಿಗೆ ಹಿಂದಿನ ಬೆಂಚಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಗೆಳತಿ ಎದ್ದು ನಿಂತಳು. ಓದುವ ಕೋಣೆ ಬೇಡ ಎಂದು ಅವಳು ಹೇಳಲಿಲ್ಲ. ಅದನ್ನು ಕಾಲೇಜೇ ಮಾಡಿಕೊಡಬೇಕು, ನಾವು ಜೋರಾಗಿ ಕೇಳಬೇಕು ಎಂದಳು. ಆದರೆ ನಾವೆಲ್ಲ ವರ್ಷಕ್ಕೆ ಒಂದು ಸಲ ಒಟ್ಟಿಗೆ ಕೂತು ಉಣ್ಣುವುದನ್ನು ಕಾಲೇಜು ಮಾಡಿಸಿಕೊಡಲಾರದು, ಅದನ್ನು ನಾವೇ ಮಾಡಿಕೊಳ್ಳಬೇಕು, ಅದು ನಿಂತರೆ ಮತ್ತೆ ಶುರುವಾಗುವುದಿಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈ ಸಲ ಬೇರೆ ಥರ ಮಾಡೋಣ ಅಂತಿದ್ದೆ. ಅಡುಗೆಗೆ..." ಎಂದು ಶುರುಮಾಡಿ ನಿಲ್ಲಿಸಿದಳು.

"ಅಡುಗೆಗೆ ಏನು?" ಎಂದೆ. ನನ್ನ ದನಿ ಗಡುಸಾಗಿತ್ತು.

"ಏನಿಲ್ಲ ಬಿಡು," ಎಂದು ಕೂತುಬಿಟ್ಟಳು.

ಕೈ ಎತ್ತಿಸಿದರು. ಹದಿನೆಂಟು ಜನರಲ್ಲಿ ಹನ್ನೊಂದು ಕೈ ನನ್ನ ಕಡೆ. ಗೆಳತಿ ಯಾವ ಕಡೆಗೂ ಕೈ ಎತ್ತಲಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಮೆಟ್ಟಿಲ ಮೇಲೆ ಕೂರುವ ಹುಡುಗಿಯರ ಬಗ್ಗೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನೇ ಎಷ್ಟೋ ಮಧ್ಯಾಹ್ನ ಅಲ್ಲಿ ಅವರ ಜೊತೆ ಕೂತಿದ್ದೆ. ಆದರೆ ಸುಗ್ಗಿ ಬೇಡ ಎನ್ನುವಾಗ ನನ್ನ ಕಣ್ಣ ಮುಂದಿದ್ದದ್ದು ಮೆಟ್ಟಿಲಲ್ಲ, ಮೇಜಿನ ಕೆಳಗಿನ ಆ ಡಬ್ಬಿ. ನಾನು ಅದನ್ನು ಹೇಳಿದ್ದರೆ ಸಭೆ ಏನು ಮಾಡುತ್ತಿತ್ತೋ ಗೊತ್ತಿಲ್ಲ. ಹೇಳಲು ನಾಚಿಕೆಯಾಯಿತು. ಓದುವ ಕೋಣೆಯ ಮಾತು ಹೇಳಲು ಸುಲಭವಾಗಿತ್ತು, ಅದಕ್ಕೆ ಚಪ್ಪಾಳೆಯೂ ಬಿತ್ತು.

ಆ ಸಂಜೆ ಗೆದ್ದ ಹುರುಪಿನಲ್ಲಿ ಮನೆಗೆ ಹೋದೆ. ಅಮ್ಮ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಈ ವರ್ಷ ಸುಗ್ಗಿ ನಿಲ್ಲಿಸಿದೆವು, ನಾನೇ ನಿಲ್ಲಿಸಿದೆ, ಅದರ ಬದಲು ಓದುವ ಕೋಣೆ ಬರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳ ಕೈ ಒಂದು ಗಳಿಗೆ ನಿಂತಿತು. ನೀರು ಸುಮ್ಮನೆ ಹರಿಯುತ್ತಿತ್ತು. ಆಮೇಲೆ ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು.

"ಒಳ್ಳೇದೇ ಆಯ್ತು ಬುಡು ಮಗ," ಎಂದಳು. "ಓದೋ ಮಕ್ಳಿಗೆ ಕೂರಾಕೆ ಜಾಗ ಬ್ಯಾಡ್ವಾ."

ಓದುವ ಕೋಣೆಗಾಗಿ ನಾವು ನಿಜವಾಗಿಯೂ ಓಡಾಡಿದೆವು. ಪ್ರಿನ್ಸಿಪಾಲರ ಕೋಣೆಯ ಮುಂದೆ ಕಾದೆವು, ಅರ್ಜಿ ಬರೆದೆವು, ಹಳೆಯ ವಿದ್ಯಾರ್ಥಿನಿಯರನ್ನು ಹುಡುಕಿಕೊಂಡು ಹೋಗಿ ಮೇಜು ಕುರ್ಚಿ ಕೇಳಿದೆವು. ಗೆಳತಿ ಸಭೆಯಲ್ಲಿ ನನ್ನ ಕಡೆ ಇಲ್ಲದಿದ್ದರೂ ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಅವಳ ಅಪ್ಪ ಅರ್ಜಿಯ ಭಾಷೆ ತಿದ್ದಿಕೊಟ್ಟರು. ನಮ್ಮ ಅಪ್ಪ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಬಂದು ಒಂದು ಭಾನುವಾರ ಗೋಡೆಗೆ ತಿಳಿ ಹಸಿರು ಬಣ್ಣ ಹೊಡೆದುಕೊಟ್ಟರು. ಪಾತ್ರೆಗಳನ್ನೆಲ್ಲ ಒಂದು ಗಾಡಿಯಲ್ಲಿ ತುಂಬಿ ಯಾವುದೋ ಕಲ್ಯಾಣ ಮಂಟಪಕ್ಕೆ ಕೊಟ್ಟುಬಿಟ್ಟರು.

ಜನವರಿಯಲ್ಲಿ ಸುಗ್ಗಿ ಆಗಬೇಕಿದ್ದ ದಿನ ಎಂದಿನಂತೆ ಪಾಠ ನಡೆಯಿತು. ಅಂಗಳ ಬೋಳಾಗಿತ್ತು. ಮೊದಲ ವರ್ಷದ ಒಬ್ಬಳು ಗೊತ್ತಿಲ್ಲದೆ ಸೀರೆ ಉಟ್ಟು ಬಂದಿದ್ದಳು. ಬೆಳಿಗ್ಗೆಯಿಂದ ಸೆರಗನ್ನು ಮುದುಡಿಕೊಂಡು ಕೂತಿದ್ದ ಅವಳನ್ನು ನೋಡಲಾಗದೆ ನಾನು ಬೇಗ ಮನೆಗೆ ಬಂದೆ. ಅಮ್ಮ ಕೆಲಸಕ್ಕೆ ಹೋಗಿರಲಿಲ್ಲ. ಹುಷಾರಿಲ್ಲವಾ ಎಂದರೆ, ರಜಾ ಹಾಕಿದ್ದೆ ಎಂದಳು. ಒಲೆಯ ಪಕ್ಕ ರಾಗಿ ರೊಟ್ಟಿಯ ದೊಡ್ಡ ಅಟ್ಟಿ, ಒಂದು ಬೋಗುಣಿ ತುಂಬ ಹುಚ್ಚೆಳ್ಳು ಚಟ್ನಿ. ಇಷ್ಟೊಂದು ಯಾರಿಗೆ ಎಂದು ಕೇಳಿದೆ. ಹುಚ್ಚೆಳ್ಳು ಹಾಳಾಗುತ್ತಿತ್ತು, ಅದಕ್ಕೇ ಮಾಡಿದೆ ಎಂದು ಬೀದಿಯವರಿಗೆಲ್ಲ ಹಂಚಿದಳು. ನಾನೂ ಎರಡು ಮನೆಗೆ ಕೊಟ್ಟು ಬಂದೆ. ಅದಕ್ಕಿಂತ ಹೆಚ್ಚಿಗೆ ಯೋಚಿಸಲಿಲ್ಲ.

ಪರೀಕ್ಷೆ ಮುಗಿದು ಟಿ.ಸಿ. ತರಲು ಹೋದ ದಿನ ಅಮ್ಮನನ್ನೂ ಕರೆದುಕೊಂಡು ಹೋದೆ. ಅವಳು ನನ್ನ ಕಾಲೇಜಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಓದುವ ಕೋಣೆಗೆ ಕರೆದುಕೊಂಡು ಹೋಗಿ, ಅಪ್ಪ ಬಣ್ಣ ಹೊಡೆದ ಗೋಡೆ, ಉದ್ದನೆಯ ಮೇಜುಗಳು, ಹೊಸ ಫ್ಯಾನು ಎಲ್ಲ ತೋರಿಸಿದೆ. ನಾಲ್ಕೈದು ಹುಡುಗಿಯರು ಓದುತ್ತಿದ್ದರು. ಒಬ್ಬಳು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅಮ್ಮ ಗೋಡೆಯನ್ನು ಒಂದು ಸಲ ಮುಟ್ಟಿ ನೋಡಿ ತುಂಬ ಚೆನ್ನಾಗಿದೆ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ದೊಡ್ಡ ಪಾತ್ರೆಗುಳೆಲ್ಲ ಇಲ್ಲೇ ಇದ್ದಿದ್ದಂತೆ, ಅವ್ನೆಲ್ಲ ಎಲ್ಲಿಟ್ಟವ್ರೆ?"

ಪಾತ್ರೆಯ ವಿಷಯ ಅವಳಿಗೆ ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯವಾಯಿತು. ನಾನು ಯಾವತ್ತೂ ಹೇಳಿರಲಿಲ್ಲ. ಒತ್ತಿ ಕೇಳಿದ ಮೇಲೆ ಹೇಳಿದಳು. ಅಕ್ಟೋಬರಿನ ಒಂದು ಭಾನುವಾರ, ನಾನು ಕಾಲೇಜಿನ ಶಿಬಿರಕ್ಕೆ ಹೋಗಿದ್ದಾಗ, ನನ್ನ ಗೆಳತಿ ಮನೆ ಹುಡುಕಿಕೊಂಡು ಕೆಸರೆಗೆ ಬಂದಿದ್ದಳಂತೆ. ನೆಲದ ಮೇಲೆ ಕೂತು ರೊಟ್ಟಿ ಚಟ್ನಿ ತಿಂದಳಂತೆ, ಎರಡನೆಯ ಸಲ ಕೇಳಿ ಹಾಕಿಸಿಕೊಂಡಳಂತೆ. ಈ ಸಲದ ಸುಗ್ಗಿಗೆ ನೀವು ಬಂದು ಅಡುಗೆ ಮಾಡಬೇಕು, ನಿಮ್ಮ ಬೀದಿಯವರನ್ನೂ ಕರೆದುಕೊಂಡು ಬನ್ನಿ, ಅಷ್ಟು ದೊಡ್ಡ ಪಾತ್ರೆಗಳು ನಮ್ಮಲ್ಲಿವೆ ಎಂದಳಂತೆ. ಅಮ್ಮ ಒಪ್ಪಿಕೊಂಡಿದ್ದಳು. ಪಕ್ಕದ ಮನೆಯ ಇಬ್ಬರನ್ನು ಒಪ್ಪಿಸಿಯೂ ಇದ್ದಳು. ಮಗಳಿಗೆ ಹೇಳಬೇಡ, ಹೇಳಿದರೆ ಸಂಕೋಚಪಟ್ಟು ಬೇಡ ಅನ್ನುತ್ತಾಳೆ, ಆ ದಿನ ನೇರ ಬಂದು ನಿಲ್ಲುತ್ತೇನೆ ಎಂದು ಗೆಳತಿಯಿಂದ ಮಾತು ತೆಗೆದುಕೊಂಡಿದ್ದಳು. ಕಾರ್ಖಾನೆಯಲ್ಲಿ ರಜಾ ಕೇಳಿಟ್ಟಿದ್ದಳು.

"ಅವತ್ತೇ ಯಾಕಮ್ಮ ಹೇಳ್ಲಿಲ್ಲ?" ಎಂದೆ.

"ನೀನು ಅಷ್ಟು ಖುಷಿಯಾಗಿ ಬಂದಿದ್ದೆ," ಎಂದಳು. "ಮೊದ್ಲೇ ಒಂದ್ಸಲ ಎಲ್ರೂ ನನ್ನ ಕೈದು ತಿಂದವ್ರಲ್ಲ, ಸಾಕು ಅಂತ ಸುಮ್ನಾದೆ."

ಅವಳು ಅದನ್ನು ನನ್ನನ್ನು ಸಮಾಧಾನ ಮಾಡಲು ಹೇಳಿದಳು. ಆ ದಿನವಾದರೂ ನಿಜ ಹೇಳಬೇಕಿತ್ತು. ಅಷ್ಟು ಧೈರ್ಯ ನನಗೆ ಬರಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ನೇರವಾಗಿ ಜಯಲಕ್ಷ್ಮಿಪುರಂಗೆ ನಡೆದುಕೊಂಡು ಹೋದೆ.

ಗೆಳತಿ ಜಗಲಿಯ ಮೇಲೆ ತಾತನ ಪಕ್ಕ ಕೂತು ಹೂವಿನ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು. ನನ್ನ ಮುಖ ನೋಡಿ ಎದ್ದು ಗೇಟಿನ ಹತ್ತಿರ ಬಂದಳು. ಅಮ್ಮ ಹೇಳಿದಳು ಎಂದೆ. ಅವಳು ಕೈಯ ಮಣ್ಣು ಕೊಡವಿಕೊಂಡಳು. ಸಭೆಯಲ್ಲಿ ಒಂದು ಮಾತು ಹೇಳಿದ್ದರೆ ನಾನು ನನ್ನ ಮಾತನ್ನು ಅಲ್ಲೇ ವಾಪಸು ತೆಗೆದುಕೊಳ್ಳುತ್ತಿದ್ದೆ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅದಕ್ಕೇ ಹೇಳ್ಲಿಲ್ಲ," ಎಂದಳು. "ನಿಮ್ಮಮ್ಮನ್ನ ಮುಂದಿಟ್ಕೊಂಡು ವಾದ ಗೆಲ್ಲೋದು ನಂಗೆ ಸರಿ ಅನ್ನಿಸ್ಲಿಲ್ಲ ಕಣೇ. ನೀನು ಹೇಳಿದ್ದೂ ಸರಿಯಾಗೇ ಇತ್ತು. ಆ ರೂಮು ಬೇಕಿತ್ತು."

ಇಷ್ಟು ಹೇಳಿ ಅವಳು ಗೇಟಿನ ಕಂಬಿ ಹಿಡಿದಳು. ಆಮೇಲೆ ತಲೆಯೆತ್ತದೆ ಹೇಳಿದಳು:

"ಫಸ್ಟ್ ಇಯರಲ್ಲಿ ಆ ಮೇಜಿನ ಹತ್ರ ನೀರು ಬಡಿಸ್ತಿದ್ದವಳು ನಾನೇ. ನಿನ್ನ ಡಬ್ಬಿ ನೋಡಿದ್ದೆ. ತೆಗೆದು ಬಡಿಸಬಹುದಿತ್ತು. ಯಾರೂ ನನ್ನ ಕೈ ಹಿಡೀತಿರಲಿಲ್ಲ. ತೆಗೀಲಿಲ್ಲ."

ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ನಾವಿಬ್ಬರೂ ಅದೇ ಡಬ್ಬಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆವು. ನಾನು ಅವಳನ್ನು ಬೈಯಲಿಲ್ಲ, ಅವಳೂ ಕ್ಷಮೆ ಕೇಳಲಿಲ್ಲ. ಜಗಲಿಯಿಂದ ತಾತ ಯಾರಮ್ಮ ಬಂದಿರೋದು ಎಂದು ಕೇಳಿದರು. ಒಳಗೆ ಹೋಗಿ ಆ ದಿನದ ಪೇಪರ್ ಓದಿ ಹೇಳಿ ಬಂದೆ. ಎರಡು ಕಡೆ ತಡವರಿಸಿದೆ.

ಆಮೇಲೆ ನಾನು ಎಂ.ಎ.ಗೆ ಸೇರಿದೆ. ಗೆಳತಿ ಬ್ಯಾಂಕಿನ ಪರೀಕ್ಷೆ ಬರೆದು ಧಾರವಾಡಕ್ಕೆ ಹೋದಳು, ಅಲ್ಲೇ ನೆಲೆಯಾದಳು. ಹಬ್ಬಕ್ಕೆ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತೇವೆ. ಮಾತು ಚೆನ್ನಾಗಿಯೇ ಇರುತ್ತದೆ. ಆದರೆ ಕಾಲೇಜು ಬಿಟ್ಟ ಮೇಲೆ ಹೊತ್ತು ಹೋದದ್ದೇ ತಿಳಿಯದೆ ಅವಳ ಮನೆಯ ಜಗಲಿಯ ಮೇಲೆ ಕೂರುತ್ತಿದ್ದೆವಲ್ಲ, ಆ ಹೊತ್ತು ಮತ್ತೆ ಸಿಗಲಿಲ್ಲ. ಅವಳಿಗೂ ಹಾಗೆ ಅನ್ನಿಸುತ್ತದೆಯೋ ಏನೋ, ನಾನು ಕೇಳಿಲ್ಲ.

ಕಾಲೇಜಿನ ಸುಗ್ಗಿ ನಾವು ನಿಲ್ಲಿಸಿದ ಮೇಲೆ ಮತ್ತೆ ಶುರುವಾಗಲಿಲ್ಲ. ಅವಳು ಹೇಳಿದ್ದಂತೆಯೇ ಆಯಿತು. ಓದುವ ಕೋಣೆ ಮಾತ್ರ ಇವತ್ತಿಗೂ ಇದೆ. ಎರಡು ವರ್ಷದ ಹಿಂದೆ ಪರೀಕ್ಷೆಯ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಅದರೊಳಗೆ ಸ್ವಲ್ಪ ಹೊತ್ತು ಕೂತಿದ್ದೆ. ಗೋಡೆಯ ಬಣ್ಣ ಬದಲಾಗಿದೆ, ಮೇಜು ಹೆಚ್ಚಾಗಿವೆ. ಎಲ್ಲ ಕುರ್ಚಿಯೂ ತುಂಬಿತ್ತು. ಆ ಕೋಣೆ ಮಾಡಿಸಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಆದರೂ ಅಲ್ಲಿ ಕೂತಾಗ ಹಿತ್ತಲ ಕಡೆಯ ಕಿಟಕಿಯಿಂದ ಹೊರಗೆ ನೋಡದೆ ಇರಲಾಗಲಿಲ್ಲ. ಒಲೆ ಹೂಡುತ್ತಿದ್ದ ಜಾಗದಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತವೆ.

ನನಗೆ ಮೊದಲು ಉಪನ್ಯಾಸಕಿಯ ಕೆಲಸ ಸಿಕ್ಕಿದ್ದು ಚಾಮರಾಜನಗರದ ಕಡೆ. ಮೈಸೂರಿಗೆ ವರ್ಗವಾಗಿ ಬಂದಾಗ ನಾನು ಪಾಠ ಹೇಳುವ ಕಡೆ ಒಂದು ಹಬ್ಬ ಮಾಡಿಸಬೇಕು, ಅಮ್ಮನನ್ನೂ ಅವಳ ಬೀದಿಯವರನ್ನೂ ಕರೆಸಬೇಕು ಎಂದುಕೊಂಡಿದ್ದೆ. ಅವಳಿಗೆ ಹೇಳಿಯೂ ಇದ್ದೆ. ಮೊದ್ಲು ಬಾ, ಆಮೇಲೆ ನೋಡುವ ಎಂದಿದ್ದಳು. ವರ್ಗದ ಆದೇಶ ಬರುವ ಮೊದಲೇ ಅವಳು ಹೋದಳು. ಕಾಯಿಲೆ ಎಂದು ಮಲಗಿದ್ದು ಹದಿನೈದು ದಿನ.

ಈಗ ಮೈಸೂರಿನ ಶ್ರೀರಾಂಪುರದಲ್ಲಿ ಮನೆ ಮಾಡಿದ್ದೇನೆ. ನಾನು ಪಾಠ ಹೇಳುವ ಕಾಲೇಜಿನಲ್ಲಿ ವಿದ್ಯಾರ್ಥಿ ಪರಿಷತ್ತಿನ ಜವಾಬ್ದಾರಿ ನನ್ನದು. ಇಲ್ಲಿಯೂ ಜನವರಿಯಲ್ಲಿ ಸಾಂಪ್ರದಾಯಿಕ ದಿನ ಎಂದು ಆಚರಿಸುತ್ತಾರೆ. ಈ ಸಲ ಪರಿಷತ್ತಿನ ಕಾರ್ಯದರ್ಶಿಯಾಗಿರುವ ಹುಡುಗಿ ನಂಜನಗೂಡಿನ ಕಡೆಯವಳು. ನವೆಂಬರಿನಲ್ಲಿ ಅವಳು ನಾಲ್ಕು ಜನರನ್ನು ಕಟ್ಟಿಕೊಂಡು ನನ್ನ ಕೋಣೆಗೆ ಬಂದಳು. ಸೀರೆ ಪಂಚೆ ಉಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕೆ ಪರಿಷತ್ತು ಯಾಕೆ ಬೇಕು, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಾರದೆ ಎಷ್ಟು ಜನ ಒದ್ದಾಡುತ್ತಿದ್ದಾರೆ, ನಮ್ಮ ಶಕ್ತಿಯನ್ನು ಅವರಿಗೆ ಸಹಾಯ ಮಾಡಲು ಬಳಸೋಣ ಎಂದು ಅವಳ ವಾದ. ಜೊತೆಗೆ ಬಂದಿದ್ದ ಒಬ್ಬ ಹುಡುಗ ಅದನ್ನು ಒಪ್ಪಲಿಲ್ಲ. ವರ್ಷವೆಲ್ಲ ಅರ್ಜಿ, ಪರೀಕ್ಷೆ ಅಂತಲೇ ಇರುತ್ತೇವೆ, ಒಂದು ದಿನವಾದರೂ ಬೇರೆ ವಿಭಾಗದವರ ಮುಖ ನೋಡುವುದು ಬೇಡವಾ ಎಂದ. ಅವಳು ಎತ್ತರದ ದನಿಯಲ್ಲಿ ಮಾತಾಡುತ್ತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳ ಮಾತಿನ ಹಿಂದೆ ಬೇರೇನಾದರೂ ಇದೆಯೋ ಎಂದು ನನಗೆ ತಿಳಿಯಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ.

ನನ್ನ ಕತೆಯನ್ನು ಅವರಿಗೆ ಹೇಳಿದೆ. ನಾನಾಗಿ ಯಾರಿಗೂ ಹೇಳಿರದ ಡಬ್ಬಿಯ ಸಂಗತಿಯನ್ನೂ ಹೇಳಿದೆ.

"ಹಂಗಾದ್ರೆ ಮಾಡೋದಾ ಬೇಡ್ವಾ ಮೇಡಂ?" ಎಂದು ಆ ಹುಡುಗ ಕೇಳಿದ.

ನೀವೇ ತೀರ್ಮಾನ ಮಾಡಿ, ಮಾಡುವುದಾದರೆ ಯಾರ ಯಾರ ಮನೆಗೆ ಹೋಗಿ ಕರೆಯುತ್ತೀರಿ ಎಂದು ಮೊದಲು ಬರೆದುಕೊಂಡು ಬನ್ನಿ ಎಂದಷ್ಟೇ ಹೇಳಿದೆ.

ಅವರು ಎರಡನ್ನೂ ಮಾಡಿದರು, ಎರಡನ್ನೂ ಅರೆಬರೆ ಮಾಡಿದರು. ಅರ್ಜಿ ತುಂಬುವ ಮೇಜು ಒಂದೂವರೆ ತಿಂಗಳು ನಡೆದು ನಿಂತುಹೋಯಿತು. ಹಬ್ಬಕ್ಕೆಂದು ನಲವತ್ತು ಮನೆಗೆ ಹೋಗಿ ಕರೆದಿದ್ದರು. ಆ ಅಮ್ಮಂದಿರಲ್ಲಿ ಬಹಳ ಜನಕ್ಕೆ ಕೆಲಸಕ್ಕೆ ರಜಾ ಸಿಗಲಿಲ್ಲ. ಬಂದವರು ಒಂಬತ್ತು ಜನ. ಕಡಿಮೆ ಬಿದ್ದ ಅಡುಗೆಯನ್ನು ಹೋಟೆಲಿನಿಂದ ತರಿಸಿದರು. ಹುಡುಗರು ಫೋಟೋ ತೆಗೆಸಿಕೊಂಡದ್ದೂ ಆಯಿತು.

ಆ ಬೆಳಿಗ್ಗೆ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಯಾರೂ ನನಗೆ ಅಲ್ಲಿ ನಿಲ್ಲಲು ಹೇಳಿರಲಿಲ್ಲ. ಬರುವ ಅಮ್ಮಂದಿರೆಲ್ಲ ಗೇಟಿಗೆ ಬಂದು ಒಂದು ಗಳಿಗೆ ನಿಲ್ಲುತ್ತಿದ್ದರು. ಕಟ್ಟಡವನ್ನು ಮೇಲೆ ಕೆಳಗೆ ನೋಡಿ, ಕೈಚೀಲ ಬದಲಾಯಿಸಿಕೊಂಡು, ಸೆರಗು ಸರಿಮಾಡಿಕೊಂಡು, ಒಳಗೆ ಹೋಗಬಹುದೋ ಇಲ್ಲವೋ ಎಂಬಂತೆ ಕಾವಲುಗಾರನ ಮುಖ ನೋಡುತ್ತಿದ್ದರು. ಕಾರ್ಯದರ್ಶಿ ಹುಡುಗಿಯ ಅಮ್ಮ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟರು. ಹಾಕಿಕೊಂಡೇ ಬನ್ನಿ ಎಂದು ನಾನು ಅವರ ಚೀಲ ತೆಗೆದುಕೊಂಡೆ. ಚೀಲ ಇನ್ನೂ ಬೆಚ್ಚಗಿತ್ತು.

ಆ ವರ್ಷ ಸುಗ್ಗಿ ನಡೆದಿದ್ದರೆ ನನ್ನ ಅಮ್ಮ ಹೇಗೆ ಬರುತ್ತಿದ್ದಳು ಎಂದು ಯೋಚಿಸಿದೆ. ಕೆಸರೆಯಿಂದ ಮೊದಲ ಬಸ್ಸಿಗೇ ಹೊರಡುತ್ತಿದ್ದಳು. ಪಕ್ಕದ ಮನೆಯವರಿಬ್ಬರನ್ನು ಮುಂದೆ ಕಳಿಸಿ ತಾನು ಹಿಂದೆ ಬರುತ್ತಿದ್ದಳು. ಗೇಟಿನಲ್ಲಿ ನಿಂತು ನನ್ನನ್ನು ಹುಡುಕುತ್ತಿದ್ದಳು. ನಾನು ಓಡಿ ಹೋಗುತ್ತಿದ್ದೆನೋ, ಸಂಕೋಚದಿಂದ ಕಂಬದ ಹಿಂದೆ ನಿಲ್ಲುತ್ತಿದ್ದೆನೋ, ಆ ವಯಸ್ಸಿನ ನನ್ನನ್ನು ನಾನು ಅಷ್ಟು ನಂಬುವುದಿಲ್ಲ. ಆದರೆ ಗೆಳತಿ ಖಂಡಿತ ಓಡಿ ಹೋಗುತ್ತಿದ್ದಳು. ಅದನ್ನು ನೋಡಿಯಾದರೂ ನಾನು ಹೋಗುತ್ತಿದ್ದೆ ಅನ್ನಿಸುತ್ತದೆ.

ಎಲೆ ಸಾಲುತ್ತಿಲ್ಲ ಎಂದು ಯಾರೋ ನನ್ನನ್ನು ಕೂಗಿದರು. ಇನ್ನೂ ಯಾರಾದರೂ ಬರಬಹುದು, ಬಂದರೆ ಒಳಗೆ ಕರೆದುಕೊಂಡು ಬಾ ಎಂದು ಕಾವಲುಗಾರನಿಗೆ ಹೇಳಿ ಒಳಗೆ ಹೋದೆ.